ಮೇಲಧಿಕಾರಿಯ ಹೊಟ್ಟೆ ತಗುಲಿ ಮಡಿದ ಅಶ್ವದಳದ ಬಗ್ಗೆ

ಅಧೀಕ್ಷಕರ ಕಾರ್ಯಾಲಯ (ಊಟದ ಮೇಜಿನ ಶಾಖೆ)
ಸಂಖ್ಯೆ: ಯುದ್ಧ/ಊ.ಮೇ./ಹೊಟ್ಟೆ/7

ವಿಷಯ: ನೆಪೋಲಿಯನ್ ಕಾಲದ ಯುದ್ಧದಾಟದಲ್ಲಿ ಶತ್ರುಪಕ್ಷದವರು ಮುನಿಸಿಕೊಂಡು ಎದ್ದು ಹೋಗಿರುವ ಬಗ್ಗೆ.

ಉಲ್ಲೇಖ: ಅಧೀಕ್ಷಕರ ಮನೆಯವರ ಮೌಖಿಕ ಟಿಪ್ಪಣಿ.

ಬೆರಳುದ್ದದ ತವರದ ಸೈನಿಕರನ್ನು ಊಟದ ಮೇಜಿನ ಮೇಲೆ ನಿಲ್ಲಿಸಿ, ದಾಳ ಉರುಳಿಸಿ, ಅಳತೆ ಟೇಪು ಹಿಡಿದು ದಂಡು ನಡೆಸುವ ಆಟವು ಅಧೀಕ್ಷಕರ ಮನೆಯಲ್ಲಿ ಭಾನುವಾರದಂದು ರೂಢಿಯಲ್ಲಿರುತ್ತದೆ. ಚಕ್ರವರ್ತಿಯ ಪಡೆ ಅಧೀಕ್ಷಕರದು. ಎದುರು ಪಡೆ, ಅವರ ಬಾಲ್ಯದ ಗೆಳೆಯರೂ ಕೈಕೆಳಗಿನ ನೌಕರರೂ ಆದ ಉಗ್ರಾಣ ಪಾಲಕರದು. ಕಳೆದ ಆಟದಲ್ಲಿ ಚಕ್ರವರ್ತಿಯ ಸೋಲು ಹೊಸ್ತಿಲಿಗೆ ಬಂದು ನಿಂತಿದ್ದಾಗ, ಆಚೆ ಗುಡ್ಡದ ಫಿರಂಗಿ ಸರಿಸಲು ಅಧೀಕ್ಷಕರು ಬಗ್ಗಲಾಗಿ, ಅವರ ಹೊಟ್ಟೆ ತಗುಲಿ ಎದುರಾಳಿಯ ಅಶ್ವದಳ ಇಡಿಯಾಗಿ ಮಗುಚಿತು. ಬಿದ್ದವರೆಲ್ಲ ಸತ್ತವರೆಂದು ಅಧೀಕ್ಷಕರು ಘೋಷಿಸಿದರು.

"ಲೋ, ಅದು ಫಿರಂಗಿ ಅಲ್ಲ ಕಣೋ, ಹೊಟ್ಟೆ!" ಎಂದು ಉಗ್ರಾಣ ಪಾಲಕರು ಕೂಗಿದ್ದಲ್ಲದೆ, "ಕಚೇರೀಲಿ ಸಾರ್ ಅಂತೀನಿ. ಇಲ್ಲೂ ಅನ್ನು ಅಂದ್ರೆ ಆಟ ಯಾಕೋ ಆಡ್ಬೇಕು?" ಎಂದು, ಸೈನ್ಯವನ್ನು ಬಿಸ್ಕತ್ತಿನ ಡಬ್ಬಿಗೆ ತುಂಬಿಕೊಂಡು ನಿರ್ಗಮಿಸಿದರು.

ಆದಕಾರಣ ಈ ಮೂಲಕ ಸೂಚಿಸಲಾಗಿದೆ:

1. ಮೇಲಧಿಕಾರಿಯ ಹೊಟ್ಟೆಯನ್ನು ಭೂಕಂಪವೆಂದು ಪರಿಗಣಿಸತಕ್ಕದ್ದು. ಕೈಕೆಳಗಿನವರ ಹೊಟ್ಟೆ ತಗುಲಿದಲ್ಲಿ ಅದು ಕರ್ತವ್ಯಲೋಪ.

2. ಅಧೀಕ್ಷಕರ ದಾಳದಲ್ಲಿ ಒಂದು ಬಿದ್ದರೆ ದಾಳ ಇನ್ನೂ ನಿಂತಿಲ್ಲವೆಂದೇ ಅರ್ಥ. 'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂಬ ಗಾದೆಯನ್ನು ಆಗ ಉಚ್ಚರಿಸುವುದನ್ನು ನಿಷೇಧಿಸಿದೆ. ಮನಸ್ಸಿನಲ್ಲಿ ಅಂದುಕೊಳ್ಳುವವರು ಮುಖ ಗಂಭೀರವಾಗಿ ಇಟ್ಟುಕೊಳ್ಳತಕ್ಕದ್ದು.

3. ಚಕ್ರವರ್ತಿಯ ಪಡೆ ಓಡಿಹೋದುದನ್ನು 'ಹಿಂದಕ್ಕೆ ಮುನ್ನುಗ್ಗಿತು' ಎಂದೇ ಹೇಳತಕ್ಕದ್ದು.

4. ತೀರ್ಪುಗಾರರೂ ಅಧೀಕ್ಷಕರ ಭಾವಮೈದುನರೂ ಆದ ಕಾಂಪೌಂಡರ್ ಅವರು, ಅಭಿಪ್ರಾಯ ಕೇಳಲಾಗಿ, "ಭಾವ, ನನ್ನ ಮಧ್ಯಕ್ಕೆ ಎಳೀಬೇಡಿ. ಆಮೇಲೆ ಅಕ್ಕನ ಹತ್ರ ಬೈಸ್ಕೊಳ್ಳೋನು ನಾನು" ಎಂದಿರುತ್ತಾರೆ. ಇದನ್ನು ಅಧೀಕ್ಷಕರ ಪರವಾದ ತೀರ್ಪೆಂದು ಸ್ವೀಕರಿಸಲಾಗಿದೆ.

5. ಶತ್ರುವಿನ ಗೈರುಹಾಜರಿಯಲ್ಲಿ ಉಪ್ಪಿನ ಡಬ್ಬಿ, ಚಮಚ ಹಾಗೂ ಲೋಟಗಳನ್ನು ಎದುರು ಪಡೆಯಾಗಿ ತಾತ್ಕಾಲಿಕವಾಗಿ ನೇಮಿಸಿ ಯುದ್ಧ ನಡೆಸಲಾಯಿತು. ಅಧೀಕ್ಷಕರು ಅಭೂತಪೂರ್ವ ವಿಜಯ ಸಾಧಿಸಿ, "ನೋಡ್ದೇನೋ?" ಎಂದು ಎದುರಿನ ಕುರ್ಚಿಯನ್ನು ಕೇಳಿದರು. ಕುರ್ಚಿಯಿಂದ ಉತ್ತರ ಸ್ವೀಕೃತವಾಗಿಲ್ಲ. "ಉಪ್ಪಿನ ಡಬ್ಬಿ ಗೆದ್ದ ಶೂರರು ಸ್ವಲ್ಪ ಏಳಿ, ಮೇಜು ಒರೆಸ್ಬೇಕು. ಅಷ್ಟು ಬೇಕಿದ್ರೆ ಹೋಗಿ ಕರ್ಕೊಂಡು ಬರ್ಬಾರ್ದೆ?" ಎಂಬ, ಮನೆಯವರ ಉಲ್ಲೇಖಿತ ಟಿಪ್ಪಣಿ ಬಂದದ್ದು ಈ ಸಂದರ್ಭದಲ್ಲಿ. ಅದನ್ನು ಪರಿಶೀಲನೆಯಲ್ಲಿ ಇರಿಸಲಾಗಿದೆ.

6. ಉಗ್ರಾಣ ಪಾಲಕರು ಬರುವ ಭಾನುವಾರ ಸಕಲ ಸೈನ್ಯದೊಡನೆ ಹಾಜರಾಗತಕ್ಕದ್ದು. ತಪ್ಪಿದಲ್ಲಿ ಕಠಿಣ ಕ್ರಮ. ಬಂದಲ್ಲಿ, ಮಡಿದ ಸವಾರರನ್ನು ಮಾನವೀಯ ನೆಲೆಯಲ್ಲಿ ಬದುಕಿಸಲಾಗುವುದು. ಇದನ್ನು ಯಾರೂ ಕ್ಷಮಾಪಣೆಯೆಂದು ಅರ್ಥೈಸತಕ್ಕದ್ದಲ್ಲ.

ಸಹಿ/-
ಅಧೀಕ್ಷಕರು ಹಾಗೂ ಚಕ್ರವರ್ತಿ (ಪ್ರಭಾರ)

ಪ್ರತಿಗಳು:
1. ಕಾಂಪೌಂಡರ್ ಅವರಿಗೆ, ಅಕ್ಕನಿಗೆ ತೋರಿಸದಿರುವ ಷರತ್ತಿನ ಮೇಲೆ.
2. ಅಧೀಕ್ಷಕರ ಮನೆಯವರಿಗೆ, ಅವರು ಈಗಾಗಲೇ ಓದಿರುವುದರಿಂದ.
3. ಉಗ್ರಾಣ ಪಾಲಕರಿಗೆ. ಕಚೇರಿ ಜವಾನನ ಕೈಲಿ ಕಳಿಸಿದ ಪ್ರತಿ ಲಕೋಟೆ ಒಡೆಯದೆ ವಾಪಸಾಗಿರುವುದರಿಂದ, ಇದನ್ನು ಅಧೀಕ್ಷಕರೇ ಖುದ್ದಾಗಿ ಒಯ್ಯುವರು. ಬಾಗಿಲು ತೆರೆಯುವವರೆಗೆ ಮೆಟ್ಟಿಲ ಮೇಲೆ ಕೂತಿರುವರು.