ನಲವತ್ತಮೂರನೇ ಮರದ ವಿಚಾರಣೆ

ನಮ್ಮ ಸೋದರಮಾವನ ಮನೆಯಲ್ಲಿ ಒಂದು ಫೋಟೋ ನೋಡಬೇಕೆಂದರೆ ಮೊದಲು ಅರ್ಜಿ ಹಾಕಬೇಕು. ಇದು ಅತಿಶಯೋಕ್ತಿಯಲ್ಲ, ನಾನು ಅತಿಶಯೋಕ್ತಿಗೆ ಕೈಹಾಕುವುದು ಇನ್ನೂ ಸ್ವಲ್ಪ ಮುಂದೆ. ಮಾವ ಕಂಪ್ಯೂಟರಿನ ಮುಂದೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ಒಂದು ಕಪ್ಪು ಪರದೆ ತೆರೆಯುತ್ತಾರೆ. ಅದರ ಮೇಲೆ ಒಂದೇ ಸಾಲು ಟೈಪು ಮಾಡುತ್ತಾರೆ: ಮೊದಲು ಫೋಟೋ ತೋರಿಸುವ ಪ್ರೋಗ್ರಾಮಿನ ಮೂರಕ್ಷರದ ಹೆಸರು, ಆಮೇಲೆ ಯಾವ ಫೋಟೋ ಬೇಕೋ ಅದರ ಹೆಸರು. ಒಂದಕ್ಷರ ತಪ್ಪಿದರೂ ಅರ್ಜಿ ವಜಾ. ಸರಿಯಿದ್ದರೆ ಕಣ್ಣು ಮಿಟುಕಿಸುವುದರೊಳಗೆ ಫೋಟೋ ಎದ್ದು ನಿಲ್ಲುತ್ತದೆ. ಸುತ್ತ ಅಂಚಿಲ್ಲ, ಕೆಳಗೆ ಗುಂಡಿಗಳಿಲ್ಲ, ಮೂಲೆಯಲ್ಲಿ ಬಾಣವಿಲ್ಲ. ಸ್ನಾನ ಮುಗಿಸಿ ಬಂದ ಮಗುವಿನ ಹಾಗೆ ಬರೀ ಫೋಟೋ.

ಮಾವನ ಊರಾದ ಅರಳಗುಪ್ಪೆಯಲ್ಲಿ ಎಮ್ಮೆ ಮೇಯಿಸುವವರೂ ಬೆರಳಿನಿಂದ ಸವರಿ ಫೋಟೋ ನೋಡುವ ಈ ಕಾಲದಲ್ಲಿ ಇದೆಂಥ ವ್ರತ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ.

"ಲೇ, ಬೇಕಾದ್ದನ್ನ ಬೆರಳು ತೋರ್ಸಿ ಕೇಳೋರು ಯಾರು? ಮಾತು ಬಾರದ ಮಕ್ಕಳು. ಮಾತು ಬಂದೋರು ಹೆಸರು ಹೇಳಿ ಕೇಳ್ತಾರೆ ಕಣ್ಲಾ," ಎಂದರು ಮಾವ.

ಮಾವ ತಿಪಟೂರಿನ ತಂತಿ ಕಚೇರಿಯಲ್ಲಿ ಆಯುಷ್ಯವೆಲ್ಲ ಕೀಲಿ ಕುಟ್ಟಿದವರು. ಒಂದು ಮನೆತನದ ಮದುವೆ, ಮರಣ, ವರ್ಗಾವಣೆ ಯಾವುದನ್ನೇ ಆಗಲಿ ನಾಲ್ಕು ಪದಕ್ಕೆ ಇಳಿಸುವ ಕಲೆ ಅವರಿಗೆ ಸಿದ್ಧಿಸಿತ್ತು. ತಂತಿ ಕಾಲ ಮುಗಿದರೂ ಮಾವನ ನಾಲಿಗೆಗೆ ಆ ಸುದ್ದಿ ಯಾರೂ ಮುಟ್ಟಿಸಲಿಲ್ಲ. ಪಂಕ್ತಿಯಲ್ಲಿ ಕೂತರೂ "ಅನ್ನ. ಸಾರು. ಸಾಕು." ಎನ್ನುತ್ತಾರೆ. ಬಡಿಸುವವರು ಬೆದರಿ ಮಜ್ಜಿಗೆಯನ್ನು ಕೇಳದೆಯೇ ಸುರಿದು ಓಡುತ್ತಾರೆ. ಇಂಥವರಿಗೆ ಮೂರಕ್ಷರ ಬರೆದು ಎಂಟರ್ ಒತ್ತಿದರೆ ಕೆಲಸವಾಗುವ ಯಂತ್ರ ಸಿಕ್ಕಿದ್ದು ಜಾತಕ ಕೂಡಿದಂತೆಯೇ ಸರಿ.

ಕೂಡಿಸಿದವರು ತಿಪಟೂರು ಬಸ್ ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಮಾಡುವ ಸಾಹೇಬರು. ಮುಚ್ಚಿಹೋದ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನ ಹಳೆಯ ಕಂಪ್ಯೂಟರನ್ನು ಮಾವ ಅವರ ಮುಂದೆ ತಂದಿಟ್ಟಿದ್ದರು.

"ಇದಕ್ಕೆ ವಯಸ್ಸಾಗಿದೆ ಸಾರ್. ಈಗಿನ ಭಾರದ ಸಾಫ್ಟ್‌ವೇರು ಹೊರಲ್ಲ," ಎಂದರು ಸಾಹೇಬರು. "ಫೋಟೋ ನೋಡಕ್ಕೆ ಒಂದು ಹಗುರದ್ದು ಹಾಕ್ಕೊಡ್ತೀನಿ. ಆದ್ರೆ ಅದ್ರಲ್ಲಿ ಬಟನ್ನಿಲ್ಲ, ಮೆನು ಇಲ್ಲ, ಏನೂ ಇಲ್ಲ. ಎಲ್ಲ ಕೀಬೋರ್ಡಲ್ಲೇ ಒತ್ತಬೇಕು."

"ಏನೂ ಇಲ್ದೆ ಇರೋದನ್ನೇ ಹುಡುಕ್ತಿದ್ದೆ ಕಣಪ್ಪ," ಎಂದರು ಮಾವ. ನನಗೆ ತಿಳಿದಂತೆ ಅವರು ಒಂದೇ ಉಸಿರಿಗೆ ಆಡಿದ ದೀರ್ಘ ವಾಕ್ಯಗಳಲ್ಲಿ ಅದೊಂದು. ಕಂಪ್ಯೂಟರಿನ ಜೊತೆ ಬಂದಿದ್ದ ಮೌಸನ್ನು ಬಟ್ಟೆಯಲ್ಲಿ ಸುತ್ತಿ, ಬೀರುವಿನಲ್ಲಿ ಅಜ್ಜಿಯ ಕನ್ನಡಕದ ಪಕ್ಕದಲ್ಲಿ ಗೌರವದಿಂದ ಇಟ್ಟರು.

ಕೀಲಿಗಳ ಮಹಿಮೆ ಊರಿಗೆ ತಿಳಿದದ್ದು ಬೀಗರು ಬಂದ ದಿನ. ಮಾವನ ಮಗಳ ಮದುವೆಯ ಫೋಟೋಗಳನ್ನು ನೋಡಲೆಂದು ತುರುವೇಕೆರೆಯಿಂದ ಆರೇಳು ಜನ ಬಂದು ಚಾಪೆಯ ಮೇಲೆ ಕೂತರು. ಮಾವ ಅರ್ಜಿ ಬರೆದು ಸ್ಪೇಸ್ ಬಾರಿನ ಮೇಲೆ ಹೆಬ್ಬೆರಳಿಟ್ಟರು. ಒಂದು ಒತ್ತಿಗೆ ಒಂದು ಫೋಟೋ. ತಂತಿ ಕಚೇರಿಯ ಕೈ ಅದು, ತಾಳ ತಪ್ಪುವುದಿಲ್ಲ. ಧಾರೆ ಬಂತು, ಹೋಯಿತು. ಆರತಕ್ಷತೆ ಬಂತು, ಹೋಯಿತು. ಊಟದ ಮನೆಯ ಮುನ್ನೂರು ಎಲೆ ರೈಲಿನ ಕಿಟಕಿಯ ಹಾಗೆ ಓಡಿತು. ಎರಡು ದಿನದ ಮದುವೆ ನಾಲ್ಕು ನಿಮಿಷದಲ್ಲಿ ಮುಗಿದದ್ದನ್ನು ಕಂಡು ಬೀಗಿತ್ತಿ, "ನಮ್ಮಕ್ಕ ಒಂದ್ ಕಡೆ ಕಂಡಂಗಾಯ್ತು, ವಸಿ ತಡ್ಕಳಿ ಅಣ್ಣ," ಎಂದು ತಾವೇ ಎದ್ದು ಬಂದು, ತಡೆಯಲೆಂದು ಕಂಡ ಕೀಲಿಯೊಂದನ್ನು ಒತ್ತಿಬಿಟ್ಟರು.

ಅದು ಕ್ಯೂ. ಆ ಪ್ರೋಗ್ರಾಮಿನಲ್ಲಿ ಕ್ಯೂ ಒತ್ತಿದರೆ "ನಿಲ್ಲಿಸಲೇ?", "ನಿಜವಾಗಿಯೂ?" ಎಂಬ ಉಪಚಾರದ ಮಾತೇ ಇಲ್ಲ. ಮದುವೆ ಮಾಯವಾಗಿ ಕಪ್ಪು ಪರದೆ ಉಳಿಯಿತು. ಬೀಗಿತ್ತಿಯ ಮುಖ ಬಿಳಿಚಿತು. ಅವರು ಒತ್ತಿದ್ದರಿಂದ ಮದುವೆಯೇ ಅಳಿಸಿಹೋಯಿತೆಂದು ಅವರ ನಂಬಿಕೆ.

"ಇದೆ. ಮುಚ್ಚಿದೆ ಅಷ್ಟೆ," ಎಂದರು ಮಾವ, ತಂತಿಯ ಶೈಲಿಯಲ್ಲಿ. ಬೀಗಿತ್ತಿ ಆ ಮೂರು ಪದಗಳಿಂದ ಸಮಾಧಾನಗೊಳ್ಳಲಿಲ್ಲ. ಇಂದಿಗೂ ಅವರು ಮಾವನ ಮನೆಗೆ ಬಂದರೆ ಕೈಗಳೆರಡನ್ನೂ ಸೆರಗಿನೊಳಗೆ ಇಟ್ಟುಕೊಂಡೇ ಕೂರುವುದು.

ಇಷ್ಟಾದರೂ ಇದು ಹೊರಗಿನವರ ಜೊತೆಗಿನ ವ್ಯವಹಾರ. ಮನೆಯೊಳಗಿನ ವ್ಯಾಜ್ಯ ಬೇರೆಯೇ ಇತ್ತು. ಅದರ ವಾದಿ ನಮ್ಮ ಅತ್ತೆ, ಪ್ರತಿವಾದಿ ಒಂದು ತೆಂಗಿನ ಮರ, ಮರದ ಪರ ವಕೀಲರು ಮಾವ.

ಮಾವನ ತೋಟದಲ್ಲಿ ಪ್ರತಿ ಮರದ ಬೊಡ್ಡೆಗೂ ಸುಣ್ಣ ಬಳಿದು ಕೆಂಪು ಬಣ್ಣದಲ್ಲಿ ನಂಬರು ಬರೆದಿದೆ. ನಲವತ್ತಮೂರನೆಯದು ಅಡುಗೆಮನೆಯ ಹಿಂದೆ, ಒಗೆಯುವ ಕಲ್ಲಿನ ಪಕ್ಕದಲ್ಲಿ ನಿಂತಿತ್ತು. ಮಾವನ ಅಚ್ಚುಮೆಚ್ಚಿನ ಮರ. ಅದರ ಕಾಯನ್ನು ಅಟ್ಟಕ್ಕೆ ಹಾಕಿ ವರ್ಷ ಬಿಟ್ಟು ಸುಲಿದರೆ ಉಂಡೆ ಕೊಬ್ಬರಿ ಚೂರೂ ಮುಕ್ಕಾಗದೆ ಹೊರಬರುತ್ತಿತ್ತು. ಆದರೆ ಅತ್ತೆಯ ದೂರು ಒಂದೇ.

"ಆ ಮರ ನನ್ನ ಮ್ಯಾಕೆ ವಾಲ್ತಾ ಇದೆ ಕಣ್ರೀ. ಒಗೆಯಾಕೆ ಕೂತ್ರೆ ಮೊದ್ಲು ಆಕಾಶ ಕಾಣೋದು, ಈಗ ಬರೀ ಮರ ಕಾಣ್ತದೆ. ಒಂದಿನ ನನ್ನ ತಲೆ ಮ್ಯಾಲೇ ಬೀಳ್ತದೆ. ಕಡಿಸಿ."

"ವಾಲಿಲ್ಲ," ಎಂದರು ಮಾವ.

ಫಲ ಕೊಡುವ ಮರಕ್ಕೆ ಕೊಡಲಿ ಹಾಕುವುದೆಂದರೆ ನಮ್ಮ ಕಡೆ ಯಾರಿಗೂ ಮನಸ್ಸು ಬರುವುದಿಲ್ಲ. ಹಾಗೆಂದು ಹೆಂಡತಿ ದಿನವೂ ಭಯದಲ್ಲಿ ಬಟ್ಟೆ ಒಗೆಯುವುದನ್ನು ನೋಡಿಕೊಂಡಿರುವುದೂ ಸರಿಯಲ್ಲ. ಮಾವ ಯೋಚಿಸಿ, ಸಾಕ್ಷ್ಯದ ಮೇಲೆ ತೀರ್ಮಾನವಾಗಲಿ ಎಂದರು. ಬೇಲಿಯ ಕಲ್ಲುಕಂಬದ ತಲೆಯಲ್ಲಿ ಕ್ಯಾಮೆರಾ ಕೂರುವಷ್ಟು ಗುಂಡಿ ಕೊರೆಸಿದರು. ತೋಟಕ್ಕೆ ಕೆಲಸದವರು ಬರದ ಅಮಾವಾಸ್ಯೆಯ ದಿನ, ತಿಂಗಳಿಗೊಂದರಂತೆ, ಅದೇ ಜಾಗದಿಂದ ಮರದ ಫೋಟೋ. ಬರೀ ಮರ ತೆಗೆದರೆ ಅಳತೆ ತಿಳಿಯುವುದಿಲ್ಲವಲ್ಲ, ಅದಕ್ಕೆ ಪ್ರತಿ ಸಲವೂ ಅತ್ತೆಯನ್ನೇ ಮರಕ್ಕೆ ಒರಗಿದಂತೆ ನಿಲ್ಲಿಸುತ್ತಿದ್ದರು.

"ಯಾಕ್ ಮಾವ, ಒಂದು ಕೋಲು ನೆಟ್ರೆ ಆಗಲ್ವಾ?" ಎಂದು ನಾನು ಕೇಳಿದೆ.

"ಕೋಲಿಗೆ ಗೆದ್ದಲು ಹತ್ತುತ್ತೆ. ಅಳತೆಗೆ ಬದಲಾಗದೆ ಇರೋ ವಸ್ತು ಬೇಕು. ನಮ್ಮನೇಲಿ ಬದಲಾಗದೆ ಇರೋದು ನಿಮ್ಮತ್ತೆ ಒಬ್ಬಳೇ," ಎಂದರು. ಅತ್ತೆ ಒಳಗಿನಿಂದ, "ಅದೇನು ಹೊಗಳಿದ್ದಾ, ಬೈದಿದ್ದಾ, ಕೇಳು ನಿಮ್ಮಾವನ್ನ," ಎಂದರು.

ಒಂದು ವರ್ಷ ಕಳೆಯಿತು. ಮೊದಲ ವಿಚಾರಣೆಗೆ ನನ್ನನ್ನು ನ್ಯಾಯಾಧೀಶನಾಗಿ ತಿಪಟೂರಿನಿಂದ ಕರೆಸಿದರು. ಕೋಡುಬಳೆ, ಕಾಫಿ ಆಯಿತು. ಅತ್ತೆ ಕೈಯೊರೆಸಿಕೊಂಡು ಬಂದು ಕೂತರು. ಮಾವ ಅರ್ಜಿ ಬರೆದರು: ಪ್ರೋಗ್ರಾಮಿನ ಹೆಸರು, ಆಮೇಲೆ ಒಂದು ನಕ್ಷತ್ರ ಚಿಹ್ನೆ. ನಕ್ಷತ್ರವೆಂದರೆ "ಇರುವುದನ್ನೆಲ್ಲ ಕರೆ" ಎಂದು ಅರ್ಥವಂತೆ. ಎಂಟರ್.

ಮೊದಲ ಫೋಟೋ ಬಂತು. ಆಷಾಢ. ಸ್ಪೇಸ್. ಮಣ್ಣಿನ ದೀಪಗಳನ್ನು ಸಾಲಾಗಿ ಒಣಗಿಸಿದ್ದ ಕಟ್ಟೆ ಕಾಣಿಸಿತು. ಸ್ಪೇಸ್. ಅತ್ತೆಯ ಕೈಯಲ್ಲಿ ಗೌರಿಹಬ್ಬದ ಹೊಸ ಬಳೆ. ಸ್ಪೇಸ್. ಬೇವಿನ ಹೂವು. ಮರದ ಮೇಲಿನ ಬಲಿತ ಕಾಯಿಗಳು ಮುಂದಿನ ಫೋಟೋದಲ್ಲಿ ಎಳನೀರಾದವು, ಅದರ ಮುಂದಿನದರಲ್ಲಿ ಇರಲೇ ಇಲ್ಲ, ಆಮೇಲೆ ಒಮ್ಮೆಲೇ ಬಲಿತು ಕೂತವು.

"ಇದೇನ್ರೀ ಇದು," ಎಂದರು ಅತ್ತೆ. "ಆಷಾಢ ಆದ್ಮೇಲೆ ದೀಪಾವಳಿ, ದೀಪಾವಳಿ ಆದ್ಮೇಲೆ ಗೌರಿ, ಗೌರಿ ಆದ್ಮೇಲೆ ಯುಗಾದಿ! ಯಾವೂರ ಪಂಚಾಂಗ?"

ಮಾವ ಪ್ರತಿ ಫೋಟೋಗೂ ಆಯಾ ಮಾಸದ ಹೆಸರನ್ನೇ ಇಂಗ್ಲಿಷ್ ಅಕ್ಷರಗಳಲ್ಲಿ ಇಟ್ಟಿದ್ದರು. ಪ್ರೋಗ್ರಾಮಿಗೆ ಮಾಸ ಗೊತ್ತಿಲ್ಲ, ಅಕ್ಷರ ಮಾತ್ರ ಗೊತ್ತು. ಅದು ಎ ಇಂದ ಶುರುವಾಗುವ ಆಷಾಢ, ಆಶ್ವಯುಜಗಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಬಿ ಯ ಭಾದ್ರಪದ, ಸಿ ಯ ಚೈತ್ರ ಎಂದು ಹಾಜರಿ ಕರೆದು, ಪಾಪದ ವೈಶಾಖವನ್ನು ಕಟ್ಟಕಡೆಗೆ ತಳ್ಳಿತ್ತು. ಆ ತೋಟದಲ್ಲಿ ಕಾಲವೇ ವಾಲಿರುವಾಗ ಮರ ವಾಲಿದೆಯೇ ಎಂದು ಯಾವ ನ್ಯಾಯಾಧೀಶ ಹೇಳಬಲ್ಲ? ವಿಚಾರಣೆಯನ್ನು ಮುಂದೂಡಿದೆ.

ಮಾವ ಅವಮಾನವನ್ನು ನುಂಗಿ ಎಲ್ಲ ಫೋಟೋಗಳಿಗೂ ಅಂಕಿಯ ಹೆಸರಿಟ್ಟರು. ಅಧಿಕಮಾಸಕ್ಕೂ ಒಂದು ಅಂಕಿ. ಆಮೇಲೆ ಅದೊಂದು ಅಭ್ಯಾಸವೇ ಆಗಿಹೋಯಿತು. ಅಮಾವಾಸ್ಯೆ ಬಂತೆಂದರೆ ಅತ್ತೆ ತಲೆ ಬಾಚಿ, ಕುಂಕುಮ ಸರಿಮಾಡಿಕೊಂಡು ಮರದ ಪಕ್ಕ ಹೋಗಿ ನಿಲ್ಲುವರು. ಮಾವ ಕ್ಲಿಕ್ಕಿಸಿ, ಒಳಗೆ ಬಂದು, ಈ ತಿಂಗಳ ಫೋಟೋವನ್ನು ಹೋದ ತಿಂಗಳಿನದರ ಜೊತೆ ಇಟ್ಟು ನೋಡಿ, "ವಾಲಿಲ್ಲ," ಎನ್ನುವರು. ಅತ್ತೆ, "ವಾಲಿದೆ," ಎನ್ನುವರು. ಹೀಗೆ ಒಂಬತ್ತು ವರ್ಷ. ನಮ್ಮ ಕೋರ್ಟುಗಳಿಗೆ ಹೋಲಿಸಿದರೆ ಇದು ತ್ವರಿತ ನ್ಯಾಯ.

ಈ ಬೇಸಿಗೆಯಲ್ಲಿ ಒಂದು ಸಂಜೆ ಬಿರುಗಾಳಿ ಎದ್ದು, ಪಕ್ಕದ ತೋಟದ ಮರವೊಂದು ದನದ ಕೊಟ್ಟಿಗೆಯ ಮೇಲೆ ಉರುಳಿತು. ದನಗಳು ಹೊರಗಿದ್ದುದರಿಂದ ಉಳಿದವು. ಮಾರನೆಯ ಬೆಳಗ್ಗೆ ಅತ್ತೆ ನನಗೆ ಫೋನ್ ಮಾಡಿದರು.

"ಬಾರಪ್ಪ. ಇವತ್ತು ಇತ್ಯರ್ಥ ಆಗ್ಬೇಕು. ಇಲ್ಲಾಂದ್ರೆ ನಾನು ಆ ಕಲ್ಲತ್ರ ಕೂರಕಿಲ್ಲ. ಬಟ್ಟೆ ಕಂದಿಕೆರೆಗೆ ತಗಂಡೋಗಿ ತವರುಮನೇಲಿ ಒಗ್ಕಂಡ್ ಬತ್ತೀನಿ."

ನಾನು ಹೋದಾಗ ಮಾವ ಆಗಲೇ ಪೀಠಸ್ಥರಾಗಿದ್ದರು. ಅಂದು ಅವರ ಮುಖದಲ್ಲಿ ಗೆಲ್ಲುವವನ ಶಾಂತಿಯಿತ್ತು. ಅತ್ತೆ ಅಡುಗೆಮನೆಯಲ್ಲಿ ಒಗ್ಗರಣೆಗೆ ಕೂತಿದ್ದರು. "ತೀರ್ಪು ಹೇಳೋವಾಗ ನನ್ನ ಕೂಗಿ," ಎಂದರು.

"ತಿಂಗಳು ತಿಂಗಳು ನೋಡಿದ್ದೇ ತಪ್ಪು ಕಣ್ಲಾ," ಎಂದು ಮಾವ ತಗ್ಗಿದ ದನಿಯಲ್ಲಿ ವಿವರಿಸಿದರು. "ಸಣ್ಣ ವ್ಯತ್ಯಾಸ ಕಣ್ಣಿಗೆ ಹತ್ತಲ್ಲ. ಇವತ್ತು ಎರಡೇ ಫೋಟೋ ಕರೀತೀನಿ. ಮೊದಲ್ನೇದು, ಕೊನೇದು. ಎನ್ ಒತ್ತಿದ್ರೆ ಮುಂದೆ, ಪಿ ಒತ್ತಿದ್ರೆ ಹಿಂದೆ. ಒಂದರ ಮೇಲೊಂದು ಕೂರುತ್ತೆ. ಅಲ್ಲಾಡಿದ್ದು ತಾನೇ ಎದ್ದು ಕಾಣುತ್ತೆ."

ಅರ್ಜಿ ಬರೆದರು. ಮೊದಲ ಅಂಕಿ, ಕೊನೆಯ ಅಂಕಿ, ಎಂಟರ್.

ಎನ್. ಪಿ. ಎನ್. ಪಿ.

ನಾನು ಮರವನ್ನೇ ನೋಡುತ್ತಿದ್ದೆ. ಒಂಬತ್ತು ವರ್ಷಗಳ ಆ ತುದಿಗೂ ಈ ತುದಿಗೂ ಹಾರಿದರೂ ಬೊಡ್ಡೆ ಕಲ್ಲಿನ ಕಂಬದ ಹಾಗೆ ಅದೇ ಜಾಗದಲ್ಲಿತ್ತು. ಗರಿಗಳು ಬದಲಾಗಿದ್ದವು, ನಂಬರಿನ ಬಣ್ಣ ಮಾಸಿತ್ತು, ಅಷ್ಟೆ. ಒಂದು ಕೂದಲೆಳೆಯಷ್ಟೂ ವಾಲಿರಲಿಲ್ಲ.

"ಗೆದ್ರಿ ಮಾವ," ಎಂದೆ.

ಮಾವ ಮತ್ತೆ ಎನ್ ಒತ್ತಿದರು. ಪಿ ಒತ್ತಿದರು. ತಾಳ ನಿಧಾನವಾಯಿತು. ಆಗ ನಾನೂ ಅವರು ನೋಡುತ್ತಿದ್ದ ಕಡೆ ನೋಡಿದೆ.

ಮೊದಲ ಫೋಟೋದಲ್ಲಿ ಅತ್ತೆ ನೆಟ್ಟಗೆ ನಿಂತಿದ್ದರು. ಮರದ ಮೇಲಿನ ಕೆಂಪು ನಲವತ್ತಮೂರು ಅವರ ಕಿವಿಯ ಮಟ್ಟಕ್ಕಿತ್ತು. ಕೊನೆಯದರಲ್ಲಿ ಅದೇ ನಂಬರು ಅವರ ನೆತ್ತಿಗಿಂತ ಗೇಣು ಮೇಲಿತ್ತು. ಎನ್ ಒತ್ತಿದಾಗ ಅತ್ತೆ ಬಾಗುತ್ತಿದ್ದರು, ಪಿ ಒತ್ತಿದಾಗ ಏಳುತ್ತಿದ್ದರು. ಭುಜ ಮುಂದಕ್ಕೆ, ಕುತ್ತಿಗೆ ಕೆಳಕ್ಕೆ, ಒಂದು ಕೈ ಸೊಂಟದ ಮೇಲೆ. ತಿಂಗಳು ತಿಂಗಳು ನೋಡಿದ ನಮಗ್ಯಾರಿಗೂ ಕಾಣದ್ದು ಎರಡು ಕೀಲಿಗಳ ನಡುವೆ ಎದ್ದು ಕಾಣುತ್ತಿತ್ತು. ಬಾಗಿದ ಬೆನ್ನಿನಿಂದ ಕತ್ತೆತ್ತಿದವರಿಗೆ ಆಕಾಶ ಕಡಿಮೆಯಾಗಿ ಮರ ಹೆಚ್ಚಾಗದೆ ಇನ್ನೇನಾಗುತ್ತದೆ?

ಮಾವ ಕೊನೆಗೊಮ್ಮೆ ಪಿ ಒತ್ತಿ, ನೆಟ್ಟಗೆ ನಿಂತ ಅತ್ತೆಯನ್ನು ಸ್ವಲ್ಪ ಹೊತ್ತು ನೋಡಿದರು.

"ಏನಾಯ್ತ್ರೀ?" ಎಂದು ಒಳಗಿನಿಂದ ಕೂಗು ಬಂತು. "ನಾನೂ ಬರ್ಲಾ ನೋಡಾಕೆ?"

ಮಾವ ಕ್ಯೂ ಒತ್ತಿದರು. ಪರದೆ ಕಪ್ಪಾಯಿತು.

"ಬೇಡ. ನೀನು ಹೇಳಿದ್ದೇ ಸರಿ ಕಣೇ," ಎಂದರು. "ಮರ ವಾಲಿದೆ."

ಅತ್ತೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ತಾವು ಸರಿ ಎಂಬ ಮಾತನ್ನು ಗಂಡನ ಬಾಯಲ್ಲಿ ಕೇಳಿ ಅವರಿಗೆ ಅಭ್ಯಾಸವಿರಲಿಲ್ಲ. ದಿಗಿಲಾಗಿ ನನ್ನ ಮುಖ ನೋಡಿದರು. ನ್ಯಾಯಾಧೀಶನಾದ ನಾನು, "ಹೌದತ್ತೆ, ಚೆನ್ನಾಗೇ ವಾಲಿದೆ," ಎಂದು ಜೀವನದಲ್ಲಿ ಮೊದಲ ಬಾರಿಗೆ ಪೀಠದ ಮೇಲೆ ಕೂತು ಸುಳ್ಳು ಹೇಳಿದೆ.

ವಾರದೊಳಗೆ ಮರ ಕಡಿಯುವವರು ಹಗ್ಗ, ಗರಗಸ ತಂದರು. ಅವರ ಹಿರಿಯ ಬೊಡ್ಡೆಯನ್ನು ಸುತ್ತಿ ನೋಡಿ, "ಯಜಮಾನ್ರೇ, ಮರ ಗುಂಡುಕಲ್ಲಂಗಿದೆ. ಇದನ್ನ್ಯಾಕೆ?" ಎಂದ. ಮಾವ ಅವನ ಕೈಗೆ ಕಾಫಿ ಲೋಟ ಕೊಟ್ಟು, "ಕುಡಿ. ಕಡಿ." ಎಂದರು. ಮರ ಬಿದ್ದ ಸದ್ದಿಗೆ ಅತ್ತೆ ಒಳಗಡೆ ಕಣ್ಣು ಮುಚ್ಚಿಕೊಂಡರಂತೆ. ಮಾವ ಮುಚ್ಚಲಿಲ್ಲ.

ತೆಂಗಿನ ಮರದ ನೆತ್ತಿಯಲ್ಲಿ, ಗರಿಗಳೆಲ್ಲ ಹುಟ್ಟುವ ಜಾಗದಲ್ಲಿ, ಒಂದು ಬೆಳ್ಳನೆಯ ಎಳೆ ತಿರುಳಿರುತ್ತದೆ. ಮರ ಉರುಳಿದರೆ ಮಾತ್ರ ಅದು ತಿನ್ನಲು ಸಿಗುವುದು. ಮಾವ ತಾವೇ ಮಚ್ಚು ಹಿಡಿದು ಪದರ ಪದರ ಬಿಡಿಸಿ ಆ ತಿರುಳನ್ನು ತೆಗೆದರು, ಹೋಳು ಮಾಡಿ ತಟ್ಟೆಯಲ್ಲಿಟ್ಟುಕೊಂಡು ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಅತ್ತೆಯ ಬಳಿಗೆ ಹೋದರು. ಆರಡಿ ಎತ್ತರದ ಆಳು. ನಿಂತು ಕೊಡಲಿಲ್ಲ, ಅತ್ತೆ ಕತ್ತೆತ್ತಬೇಕಾಗದ ಹಾಗೆ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತರು.

ಅತ್ತೆ ಒಂದು ಹೋಳು ಬಾಯಿಗೆ ಹಾಕಿಕೊಂಡರು. ಅಗಿದರು. ಇನ್ನೊಂದು ತೆಗೆದುಕೊಂಡರು.

"ಎಷ್ಟು ಸಿಹಿಯಾಗಿದೆಯಲ್ರೀ," ಎಂದರು. "ಇಂಥಾ ಮರಾನ ಕಡಿಸ್ಬುಟ್ರಾ? ಇನ್ನೊಂದೆರಡು ವರ್ಷ ನೋಡ್ಬೋದಿತ್ತು ಬುಡಿ."

ಮಾವ ತಟ್ಟೆಯನ್ನು ಅವರ ಮಡಿಲಿನ ಮೇಲಿಟ್ಟು, ಅವರ ಮಂಡಿ ಹಿಡಿದುಕೊಂಡು ಅಲ್ಲೇ ಕೂತಿದ್ದರು. ಇನ್ನೊಂದು ಹೋಳು ಅವರ ಕೈಗಿಟ್ಟು, "ತಿನ್ನು," ಎಂದರು.