ಜನಾನಾ ಪರದೆಯ ಹಿಂದಿನ ನಗು

ಒಬ್ಬನೇ ದೇವಸ್ಥಾನಕ್ಕೆ ಹೋದರೆ ನಮ್ಮ ಕಡೆ ಭಕ್ತ ಅನ್ನುತ್ತಾರೆ. ಒಬ್ಬನೇ ಸಂತೆಗೆ ಹೋದರೆ ಸಂಸಾರಸ್ಥ ಅನ್ನುತ್ತಾರೆ. ಒಬ್ಬನೇ ಸಿನಿಮಾಕ್ಕೆ ಹೋದವನನ್ನು ಮಾತ್ರ ಅಡಿಯಿಂದ ಮುಡಿಯವರೆಗೆ ನೋಡಿ, ಇವನಿಗೇನೋ ಆಗಿದೆ ಅಂದುಕೊಳ್ಳುತ್ತಾರೆ. ನನಗೇನೋ ಆಗಿತ್ತು ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಸುರಪುರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ವಿಶ್ವವಿದ್ಯಾಲಯದಲ್ಲಿ ಕಲಿತದ್ದರಲ್ಲಿ ತಲೆಯಲ್ಲಿ ಉಳಿದದ್ದು ಒಂದೇ, ಆಧಾರವಿಲ್ಲದೆ ಏನನ್ನೂ ನಂಬಬಾರದು. ಇದರಿಂದ ವಿದ್ಯಾರ್ಥಿಗಳಿಗೆ ಏನು ಉಪಕಾರವಾಯಿತೋ ತಿಳಿಯದು. ನನ್ನ ಹೆಂಡತಿ ಮಾತ್ರ ನನ್ನನ್ನು ತರಕಾರಿಗೆ ಕಳಿಸುವುದನ್ನು ಬಿಟ್ಟಿದ್ದಾಳೆ. ಬದನೆಕಾಯಿ ಇವತ್ತಿನದೇ ಎಂದು ಮಾರುವವಳು ಅಂದರೆ, "ಹೆಂಗ ನಂಬೋದು?" ಅಂತ ನಾನು ನಿಂತುಬಿಡುತ್ತೇನಂತೆ.

ಇಂಥವನ ಹತ್ತಿರವೂ ಆಧಾರವಿಲ್ಲದ ಆಸ್ತಿ ಒಂದಿತ್ತು, ಅವ್ವನ ನಗು. ಅವ್ವ ಬದುಕಿರುವಷ್ಟು ದಿನ ಮನೆಯಲ್ಲಿ ಬಾಯಿಬಿಟ್ಟು ನಕ್ಕದ್ದನ್ನು ನಾನು ಕಂಡಿಲ್ಲ. ಅಪ್ಪನ ತಾಯಿ, ನಮ್ಮ ಆಯಿ, ಪಡಸಾಲೆಯಲ್ಲಿ ಕೂತಿರುವಾಗ ಸೊಸೆ ನಗುವುದುಂಟೆ? ಆದರೆ ನನ್ನ ನೆನಪಿನಲ್ಲಿ ಅವಳು ಒಮ್ಮೆ ನಕ್ಕಿದ್ದಾಳೆ, ಸುರಪುರದ ಹಳೆಯ ಟಾಕೀಜಿನ ಜನಾನಾದಲ್ಲಿ. ಹೆಂಗಸರು ಕೂಡುವ ಆ ಜಾಗಕ್ಕೆ ಆಗ ಉದ್ದನೆಯ ಪರದೆ ಇರುತ್ತಿತ್ತು. ಕತ್ತಲಾದ ಮೇಲೆ ಅದನ್ನು ಸರಿಸುತ್ತಿದ್ದರು. ಇಂಟರ್ವಲ್ಲಿನ ದೀಪ ಹತ್ತುವ ಮೊದಲು ಮತ್ತೆ ಎಳೆಯುತ್ತಿದ್ದರು, ಗಂಡಸರ ಕಣ್ಣು ಬೀಳಬಾರದೆಂದು. ಆ ಹಸಿರು ಪರದೆಯ ಒಳಗೆ ನಾನು ಅವ್ವನ ತೊಡೆಯ ಮೇಲಿದ್ದೇನೆ. ಪಕ್ಕದ ಮನೆಯ ಖಾಲಾ ಕಿವಿಯಲ್ಲಿ ಏನೋ ಅನ್ನುತ್ತಾಳೆ. ಅವ್ವ ತಲೆಯ ಮೇಲಿನ ಸೆರಗು ಜಾರಿದ್ದೂ ತಿಳಿಯದೆ, ಹಲ್ಲೆಲ್ಲ ಕಾಣುವಂತೆ ನಗುತ್ತಾಳೆ. ಅಷ್ಟೇ. ಸಿನಿಮಾ ಯಾವುದೋ ದೇವರಿಗೇ ಗೊತ್ತು.

ಹೋದ ತಿಂಗಳು ಬೀಗರ ಮನೆಯ ತೊಟ್ಟಿಲ ಕಾರ್ಯದಲ್ಲಿ ಇದನ್ನು ಹೇಳುತ್ತಿದ್ದೆ. ನನಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ ಶಹಾಪುರದಿಂದ ಬಂದಿದ್ದಳು. ಹೋಳಿಗೆ ಬಡಿಸುವುದನ್ನು ಅಲ್ಲಿಗೇ ನಿಲ್ಲಿಸಿ ಕೇಳಿದಳು:

"ಏ ಹುಚ್ಚಪ್ಯಾಲಿ, ಅಲ್ಲಿ ನೀ ಎಲ್ಲಿದ್ದಿ? ನಿನ್ನನ್ನ ಆಯಿ ಬಲ್ಲಿ ಬಿಟ್ಟು ಅವ್ವ ನನ್ನೊಬ್ಬಾಕಿನ್ನ ಕರ್ಕೊಂಡು ಹೋಗಿದ್ಳು. ನಾ ಹೇಳಿದ್ದು ಕೇಳಿ ಕೇಳಿ ನಿಂದೇ ಅಂತ ಮಾಡ್ಕೊಂಡೀದಿ."

"ಹಂಗಾದ್ರ ಪರದೆ ಹಸಿರಂತ ನನಗ ಹೆಂಗ ಗೊತ್ತು?"

"ಹಸಿರಲ್ಲೋ, ಕೆಂಪು!"

ಪಂಕ್ತಿಯೆಲ್ಲ ನಕ್ಕಿತು. ಅವತ್ತಿನಿಂದ ನಾನೂ ಫೋನ್ ಮಾಡಲಿಲ್ಲ, ಅವಳೂ ಮಾಡಲಿಲ್ಲ. ಅಕ್ಕ ಸುಳ್ಳು ಹೇಳುವವಳಲ್ಲ, ಕಷ್ಟ ಇರುವುದೇ ಅಲ್ಲಿ. ಅವಳು ಹೇಳಿದ್ದು ನಿಜವಾದರೆ, ನನ್ನ ಪಾಲಿಗೆ ಅವ್ವ ಒಂದು ಸಲವೂ ನಗದೆ ಹೋದ ಹಾಗಾಯಿತು.

ಎರಡು ವಾರದ ಹಿಂದೆ ಒಂದು ರಜೆಯ ದಿನ ಹೆಂಡತಿ ತವರಿಗೆ ಹೋಗಿದ್ದಳು. ನಾನು ಯಾದಗಿರಿಯ ಬಸ್ಸು ಹತ್ತಿದೆ. ಸುರಪುರದ ಆ ಟಾಕೀಜಿನಲ್ಲಿ ಈಗ ಸಿಮೆಂಟಿನ ಚೀಲಗಳಿವೆ. ಬೇರೊಂದು ಟಾಕೀಜಿನ ಕತ್ತಲಲ್ಲಿ ಒಬ್ಬನೇ ಕೂತರೆ ನೆನಪು ತಾನಾಗಿ ಬಂದು ಸಾಕ್ಷಿ ನುಡಿದೀತು ಎಂಬುದು ನನ್ನ ಪ್ರಯೋಗ. ಶಹಾಪುರದಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಅಕ್ಕನ ಮನೆ ನಿಲ್ದಾಣದ ಹಿಂದೆಯೇ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ. ಮುಂದಿನ ಸೀಟಿನ ಹೊಸ ಮದುಮಗ ಹೆಂಡತಿಗೆ ಗುಡ್ಡ ತೋರಿಸುತ್ತಿದ್ದ. "ಬುದ್ಧ ಮಲಗ್ಯಾನ ನೋಡು. ಅಕೋ ಮೂಗು, ಅಕೋ ಹೊಟ್ಟಿ." "ಎಲ್ರಿ? ನನಗ ಬರೇ ಕಲ್ಲು ಕಾಣ್ತಾವ," ಅಂದಳು ಅವಳು. ನನಗೆ ಮೂಗು ಸ್ಪಷ್ಟವಾಗಿ ಕಂಡಿತು. ಆದರೆ ಅದನ್ನೂ ಮೊದಲು ತೋರಿಸಿಕೊಟ್ಟವಳು ಅಕ್ಕನೇ ಎಂದು ನೆನಪಾಗಿ ಪೇಪರನ್ನು ಇನ್ನಷ್ಟು ಮೇಲೆತ್ತಿದೆ.

ಯಾದಗಿರಿಯ ಟಾಕೀಜಿನ ಟಿಕೆಟ್ ಕಿಟಕಿಯವನು, "ಎಷ್ಟು ಮಂದಿ?" ಅಂದ.

"ಒಬ್ಬನೇ."

"ಮನ್ಯಾಗ ಜಗಳೇನ್ರಿ?"

"ಇಲ್ಲಪ್ಪ."

"ಹಂಗಾದ್ರ ಕೂಡ್ರಿ. ಎಂಟು ಮಂದಿ ಆಗಲಾರದೇ ಶೋ ಬಿಡಂಗಿಲ್ಲ. ನೀವು ಮೂರನೇದವರು."

ಕೂತೆ. ಬೆಂಚಿನ ಮೇಲೆ ಗೇಟಿನಲ್ಲಿ ಟಿಕೆಟು ಹರಿಯುವ ಮುದುಕ ಮಹಬೂಬ್ ಚಾಚಾ ಇದ್ದರು. ಯಾವೂರು ಅಂದರು, ಸುರಪುರ ಅಂದೆ. "ಅಲ್ಲಿ ಟಾಕೀಜಿನಾಗ ನಾ ಪರದೆ ಜಗ್ಗಾಂವ ಇದ್ನಿರಿ," ಅಂದರು! ನನ್ನೊಳಗಿನ ಇತಿಹಾಸದ ಮೇಷ್ಟ್ರು ಎದ್ದು ಕೂತ. ಇಂಥ ಪ್ರತ್ಯಕ್ಷ ಸಾಕ್ಷಿ ಯಾರಿಗೆ ಸಿಗುತ್ತದೆ?

"ಪರದೆ ಹಸಿರಿತ್ತಲ್ರಿ ಚಾಚಾ?"

"ಹಸಿರಿತ್ರಿ ಸರ."

ಗೆದ್ದೆ. ಆದರೆ ಉತ್ತರವನ್ನು ನಾನೇ ಬಾಯಿಗಿಟ್ಟೆನಲ್ಲ ಎಂದು ಕಸಿವಿಸಿಯಾಯಿತು. "ಕೆಂಪು ಅಂತಾರಲ್ರಿ ಕೆಲವರು?"

"ಹೌದ್ರಿ, ಕೆಂಪೂ ಇತ್ತು."

"ಎರಡರಾಗ ಯಾವ್ದು ಖರೇ?"

"ಹಸಿರು ಹರೀತು, ಕೆಂಪು ಹಾಕಿದ್ರು. ಕೆಂಪು ಹರೀತು, ಯಾರದೋ ಮದುವಿ ಶಾಮಿಯಾನದ ಬಟ್ಟಿ ತಂದು ಕಟ್ಟಿದ್ರು. ಅದರಾಗ ಎಲ್ಲಾ ಬಣ್ಣ ಇದ್ವು ನೋಡ್ರಿ."

"ಹೋಗ್ಲಿ, ಸಣ್ಣ ಗಂಡು ಮಕ್ಕಳನ್ನ ಒಳಗ ಬಿಡ್ತಿದ್ರೇನು?"

"ತಡಿಯಾಂವ ಯಾರು? ಬುರ್ಖಾದಾಗ ಎರಡು, ಸೆರಗಿನಾಗ ಎರಡು ಹೋಗ್ತಿದ್ವು." ಚಾಚಾ ನನ್ನ ಕಡೆ ಬಾಗಿದರು. "ಒಳಗಿಂದು ನಾ ನೋಡಿಲ್ರಿ. ನೋಡಿದ್ರ ಕಾಲು ಮುರೀತಿದ್ರು. ಆದ್ರ ಕೇಳೀನಿ. ಪರದೆ ಬಿದ್ದ ಕೂಡ್ಲೇ ನಗಿ ಶುರು. ಸಿನಿಮಾ ಅಳೂದೇ ಇರ್ಲಿ, ಇಂಟರ್ವಲ್‌ನ್ಯಾಗ ನಗಿ. ಹಗ್ಗ ಹಿಡ್ಕೊಂಡು ಹೊರಗ ನಿಂತು ಕೇಳ್ತಿದ್ದೆ."

"ನಮ್ಮವ್ವನೂ ನಗ್ತಿದ್ಳೇನ್ರಿ?" ಕೇಳಿದ ಮೇಲೆ ನಾಚಿಕೆಯಾಯಿತು.

"ನಿಮ್ಮವ್ವಂದು ಯಾವ್ದು, ನಮ್ಮ ಅಮ್ಮಾಂದು ಯಾವ್ದು ಅಂತ ಹೆಂಗ ಹೇಳ್ಲಿ ಸರ? ಊರಿನ ಹೆಣ್ಮಕ್ಕಳೆಲ್ಲಾ ಕೂಡಿ ನಗ್ತಿದ್ರು."

ಅಷ್ಟರಲ್ಲಿ ಏಳು ಜನ ಆಗಿದ್ದರು. ಎಂಟನೆಯವರಾಗಿ ಎದುರಿನ ಚಹಾದ ಅಂಗಡಿಯವರನ್ನೇ ಎಳೆದು ತಂದು ಕೂರಿಸಿ ಶೋ ಬಿಟ್ಟರು. ನಾಯಕ ಒಂದೇ ಕೈಯಲ್ಲಿ ಟ್ರ್ಯಾಕ್ಟರ್ ಎತ್ತಿದ. ಅದನ್ನು ನಾನು ಪ್ರಶ್ನಿಸಲಿಲ್ಲ. ಇಂಟರ್ವಲ್ಲಿನಲ್ಲಿ ದೀಪ ಹತ್ತಿತು. ನನ್ನ ಮುಂದೆ ಇಬ್ಬರು ಹೆಣ್ಣುಮಕ್ಕಳು ಯಾವ ಮರೆಯೂ ಇಲ್ಲದೆ ಕೂತು, ತಂತಮ್ಮ ಮೊಬೈಲಿನಲ್ಲಿ ಮುಳುಗಿದ್ದರು. ಎಷ್ಟು ಕಾದರೂ ನೆನಪು ಬಾಯಿ ಬಿಡಲಿಲ್ಲ.

ವಾಪಸು ಬರುವಾಗ ಶಹಾಪುರದಲ್ಲಿ ಇಳಿದೆ. ಅಕ್ಕ ಬಾಗಿಲು ತೆರೆದು, "ಬಾರಪ್ಪ ಪ್ರೊಫೆಸರ, ದಾರಿ ತಪ್ಪಿದೇನು?" ಅಂದಳು. ಚಹಾ ಕೊಟ್ಟಳು. ಪರದೆಯ ವಿಷಯಕ್ಕೆ ಎರಡೂ ಕಡೆ ಆಧಾರವಿಲ್ಲ ಎಂದು ವರದಿ ಒಪ್ಪಿಸಲು ಸಿದ್ಧನಾಗಿಯೇ ಬಂದಿದ್ದೆ. ಮಹಬೂಬ್ ಚಾಚಾ ಸಿಕ್ಕಿದ್ದನ್ನು ಹೇಳುತ್ತಿದ್ದಂತೆ ಅಕ್ಕನ ಕೈಯಲ್ಲಿನ ಚಹಾದ ಬಸಿ ಅಲ್ಲೇ ನಿಂತಿತು.

"ಅವ್ರಿಗೆ ಅವ್ವ ನೆನಪದಾಳೇನೋ?" ಅಂದಳು. ಪಂಕ್ತಿಯಲ್ಲಿ ನನ್ನನ್ನು ಗದರಿದ ದನಿ ಅದಲ್ಲ.

"ಅದಾಳ," ಅಂದೆ. "ಪರದೆ ಬಿದ್ದ ಮ್ಯಾಲೆ ಎಲ್ಲಾರಕಿಂತ ಜೋರು ನಗ್ತಿದ್ದಾಕಿ ಆಕೀನೇ ಅಂದ್ರು."

ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಮತ್ತ! ನಾ ಸುಳ್ಳು ಹೇಳಿದ್ನೇನು?" ಆಮೇಲೆ ಮೆಲ್ಲಗೆ, "ಖರೇ ಅಂದ್ರ ನನಗೂ ಒಂದೀಟು ಅನುಮಾನ ಇತ್ತೋ ತಮ್ಮಾ. ನಾ ಅವತ್ತು ಇಂಟರ್ವಲ್ ಆಗೂದ್ರೊಳಗ ನಿದ್ದಿ ಹೋಗಿದ್ದೆ ಅಂತ ಅವ್ವನೇ ಒಮ್ಮೆ ಅಂದಿದ್ಳು," ಅಂದಳು.

ಇದಾಗಿ ಹದಿನೈದು ದಿನವಾಯಿತು. ಅಕ್ಕ ಎರಡು ದಿನಕ್ಕೊಮ್ಮೆ ಫೋನ್ ಮಾಡಿ ಅದನ್ನೇ ಮತ್ತೆ ಹೇಳಿಸುತ್ತಾಳೆ. ನಾನೂ ಹೇಳುತ್ತೇನೆ. ನಿನ್ನೆ ಹೇಳುವಾಗ, ಚಾಚಾ ಆ ಮಾತು ಆಡುತ್ತ ಹಗ್ಗ ಜಗ್ಗುವವರಂತೆ ಕೈ ಎತ್ತಿ, ಕಣ್ಣು ಕಿರಿದು ಮಾಡಿ ನಕ್ಕದ್ದು ಎದುರಿಗೇ ಕಾಣುವಷ್ಟು ನಿಚ್ಚಳವಾಗಿ ಬಂತು. ಅವರು ಹಾಗೆ ಅನ್ನಲೇ ಇಲ್ಲ ಎಂದು ನಾನೀಗ ಆಣೆ ಮಾಡಿ ಹೇಳಲಾರೆ.