ಒಂದು ಗಂಟೆಯ ಮುದ್ದೆ

ದ್ವೀಪಕ್ಕೆ ಹೋಗಿ, ಹದಿನೈದು ದಿನ ಇದ್ದು, ಹೆಂಡತಿಗೆ ಸಮುದ್ರ ತೋರಿಸದೆ ವಾಪಸು ಕರೆತಂದ ಗಂಡಸರು ಜಗತ್ತಿನಲ್ಲಿ ಒಬ್ಬರೇ ಇರಬೇಕು. ಅವರು ಶ್ರೀನಿವಾಸಪುರದವರು, ನನ್ನ ಚಿಕ್ಕಪ್ಪ!

ಎಪ್ಪತ್ತರ ದಶಕದ ಕೊನೆಯಲ್ಲಿ, ಸಿಂಗಪುರದಲ್ಲಿ ಕೆಲಸಕ್ಕಿದ್ದ ಚಿಕ್ಕಮ್ಮನ ತಮ್ಮ ವಿಮಾನದ ಎರಡು ಟಿಕೆಟ್ ಕಳಿಸಿದ. ಕಳಿಸಿದ್ದು ಅಕ್ಕನಿಗಾಗಿ, ಚಿಕ್ಕಪ್ಪ ಜೊತೆಗೆ ಹೋದವರು. ಈ ಒಂದು ವಿವರ ಅವರ ಪ್ರವಾಸದ ಕಥೆಗಳಲ್ಲಿ ಎಂದೂ ಬರಲಿಲ್ಲ. ಚಿಕ್ಕಮ್ಮನಿಗೆ ಇದ್ದದ್ದು ಒಂದೇ ಆಸೆ: ಸಮುದ್ರದಲ್ಲಿ ಕಾಲಿಟ್ಟು ನಿಲ್ಲಬೇಕು. ಯಲ್ದೂರಿನಲ್ಲಿ ಹುಟ್ಟಿದವಳು, ಕೆರೆಗಿಂತ ದೊಡ್ಡ ನೀರು ಕಂಡವಳಲ್ಲ.

ಚಿಕ್ಕಪ್ಪನಿಗೂ ಒಂದು ನಿಯಮವಿತ್ತು. ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ ರಾಗಿ ಮುದ್ದೆ. ಚಿಕ್ಕಮ್ಮನ ಕೈಯದೇ ಆಗಬೇಕು, ಹೊಗೆಯಾಡುತ್ತಿರಬೇಕು. ಆರಿದ ಮುದ್ದೆ ಅವರ ಪ್ರಕಾರ ಕಲ್ಲು. ಹಾಗಾಗಿ ಪೆಟ್ಟಿಗೆಯಲ್ಲಿ ಬಟ್ಟೆಗಿಂತ ಹೆಚ್ಚು ರಾಗಿಹಿಟ್ಟು, ಮೇಲೊಂದು ಮುದ್ದೆ ಕೋಲು!

ವಿಮಾನದಲ್ಲಿ ಕಿಟಕಿ ಪಕ್ಕ ಕೂತವರು ಯಾರೆಂದು ಕೇಳಬೇಕೆ? "ಲೇ, ಕೆಳಗೆ ನೋಡೇ, ಸಮುದ್ರ!" ಎಂದರಂತೆ. ಚಿಕ್ಕಮ್ಮನಿಗೆ ಕಂಡದ್ದು ಅವರ ಬೋಳುತಲೆ.

ಇಳಿದ ಮೇಲೆ ತಪಾಸಣೆಯವನು ಹಿಟ್ಟನ್ನು ಅನುಮಾನದಿಂದ ನೋಡಿದ. ಇದು ತಿನ್ನುವ ಪದಾರ್ಥವೆಂದು ತೋರಿಸಲು ಚಿಕ್ಕಪ್ಪ ಒಂದು ಹಿಡಿ ಬಾಯಿಗೆ ಹಾಕಿಕೊಂಡರು. ಆಗಲೇ ಸೀನು ಬರಬೇಕೆ! ಆತನ ಬಿಳಿ ಅಂಗಿ ಬೂದಾಯಿತು. ಆತ ಮುಖ ಒರೆಸಿಕೊಂಡು, ಕೋಲಿನ ಬಗ್ಗೆ ಕೇಳುವ ಗೋಜಿಗೇ ಹೋಗದೆ ಕಳಿಸಿಬಿಟ್ಟ.

ತಮ್ಮನ ಮನೆಯಿಂದ ಕಡಲತೀರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ರಜೆ ಇದ್ದ ದಿನವೆಲ್ಲ ಅವನು ಕರೆದ.

"ಭಾವ, ಇವತ್ತೊಂದಿನ ಹೋಟ್ಲಲ್ಲಿ ತಿಂದ್ಬಿಡೋಣ. ಅಕ್ಕ ಆಸೆ ಪಡ್ತಾಳೆ."

"ಸಮುದ್ರ ಏನು ಎದ್ದು ಓಡೋಗ್ತದೇನಯ್ಯಾ? ನಾಳೆ ಹೋದ್ರಾಯ್ತು."

"ನೀವು ಮನೇಲಿರಿ, ನಾನೂ ಅಕ್ಕಾನೂ ಹೋಗ್ಬರ್ತೀವಿ."

"ಮುದ್ದೆ ಯಾರು ತಿರುವ್ತಾರೆ? ನೀನಾ?"

ಬೆಳಿಗ್ಗೆ ಸ್ನಾನ, ಪೂಜೆ, ತಿಂಡಿ ಮುಗಿಯುವಷ್ಟರಲ್ಲಿ ಹನ್ನೊಂದು. ಉಂಡ ಮೇಲೆ ನಿದ್ದೆ, ಎದ್ದ ಮೇಲೆ ಕಾಫಿ, ಕಾಫಿ ಮುಗಿಯುವಷ್ಟರಲ್ಲಿ ಸಂಜೆ. ಹೀಗೆ ಹದಿನೈದು ದಿನವೂ ಮುಗಿಯಿತು.

ಊರಿಗೆ ಬಂದ ಚಿಕ್ಕಪ್ಪ ಒಂಬತ್ತು ವರ್ಷ ಸಮುದ್ರದ ಮಾತಾಡಿದರು! ಜಗಲಿಯ ಮೇಲೆ ಮಾವಿನಕಾಯಿ ವ್ಯಾಪಾರಿಗಳು, ಮೇಷ್ಟರುಗಳು ಬಾಯಿಬಿಟ್ಟುಕೊಂಡು ಕೇಳುತ್ತಿದ್ದರು. ಮೊದಲ ವರ್ಷ ಸೊಂಟದೆತ್ತರವಿದ್ದ ಅಲೆ ಐದನೆಯ ವರ್ಷಕ್ಕೆ ತೆಂಗಿನಮರದೆತ್ತರ ಬೆಳೆದಿತ್ತು.

ಒಂದು ದಿನ ಪಕ್ಕದ ಮನೆಯಾಕೆ ಒಳಗೆ ಇಣುಕಿ ಕೇಳಿದಳು: "ನಿಮ್ಗೆ ಹೆಂಗನಿಸ್ತಕ್ಕಾ, ಸಮುದ್ರ?"

"ಅವಳನ್ನೇನು ಕೇಳ್ತೀಯಮ್ಮಾ, ಹೆದರಿ ನನ್ ಹಿಂದೆ ಅವಿತ್ಕೊಂಡ್ಳು," ಎಂದರು ಚಿಕ್ಕಪ್ಪ.

ಚಿಕ್ಕಮ್ಮ ಕೋಲು ಹಿಡಿದೇ ಬಾಗಿಲಿಗೆ ಬಂದಳು. "ನಾನು ನೋಡೇ ಇಲ್ಲ ಕಣಮ್ಮಾ. ಮುದ್ದೆ ಮಾಡಕ್ಕೆ ಹೋಗಿದ್ದೆ, ಮಾಡಿಟ್ಟು ಬಂದೆ. ಅಲ್ಲೂ ಇದೇ ಕೋಲು, ಇಲ್ಲೂ ಇದೇ ಕೋಲು. ಇನ್ ತೋರಿಸಿದ್ರೂ ಅಷ್ಟೇ, ಕಣ್ಣಿಗೆ ಪೊರೆ ಬಂದೈತೆ."

ಚಿಕ್ಕಪ್ಪನ ಅಲೆ ಅರ್ಧಕ್ಕೇ ನಿಂತಿತು. ಮತ್ತೆಂದೂ ಏಳಲಿಲ್ಲ.

ಮುಂದಿನ ತಿಂಗಳು ಅವರು ನನ್ನನ್ನೂ ಸೇರಿಸಿಕೊಂಡು ಚಿಕ್ಕಮ್ಮನನ್ನು ಮದರಾಸಿಗೆ ಹೊರಡಿಸಿದರು. ಹಿಟ್ಟಿಲ್ಲ, ಕೋಲಿಲ್ಲ, ಅವರ ಕೈಯಲ್ಲೊಂದು ಡಬ್ಬಿ ಮಾತ್ರ. ಬೆಳಿಗ್ಗೆ ಹತ್ತಕ್ಕೆ ಚಿಕ್ಕಮ್ಮ ಸೀರೆ ಎತ್ತಿ ಹಿಡಿದು ನೀರಿಗಿಳಿದಳು. ಅವಳಿಗೆ ಕಂಡದ್ದು ಬರೀ ಬೆಳ್ಳಗಿನ ಮಸುಕೇ ಇರಬೇಕು. ಆದರೆ ಅಲೆ ಕಾಲಿಗೆ ಬಡಿದಾಗಲೆಲ್ಲ "ಬಂತು, ಬಂತು!" ಎನ್ನುತ್ತಿದ್ದಳು.

ಮರಳ ಮೇಲೆ ಚಿಕ್ಕಪ್ಪ ಡಬ್ಬಿ ತೆರೆದರು. ಹೊರಡುವ ಸಂಜೆ ತಾವೇ ತಿರುವಿದ ಮುದ್ದೆ. ಮೈತುಂಬ ಗಂಟು, ಆರಿ ಕಲ್ಲಾಗಿತ್ತು. ಮುರಿದು ಮುರಿದು ನುಂಗಿದರು.

ಚಿಕ್ಕಮ್ಮ ನೀರಿನಿಂದಲೇ ಕೂಗಿದಳು: "ರೀ, ಟೈಮೆಷ್ಟಾಯ್ತು? ನಿಮ್ಮೂಟ..."

ಚಿಕ್ಕಪ್ಪ ಕೈಗಡಿಯಾರ ನೋಡಿಕೊಂಡರು. ಎರಡೂವರೆ.

"ಇನ್ನೂ ಹನ್ನೊಂದು ಕಣೇ," ಎಂದರು. "ನಿಂತ್ಕೊ."